ಬಂದದ್ದಷ್ಟೇ ಅಲ್ಲ, ಬಾಕೀನೂ ಬರೀರಿ

ನಮ್ಮ ಬೀದರದಾಗ ಮನಿ ಕಿರಾಯಿಗಿ ಕೊಟ್ಟವರು ಬಂದ ರೊಕ್ಕ ಬರಕೋತಾರ, ಬರಬೇಕಾದ್ದು ಬರಿಯಂಗಿಲ್ಲ. ಜಗಳ ಹುಟ್ಟೋದೇ ಅಲ್ಲಿ. ಔರಾದ, ಭಾಲ್ಕಿ ಕಡಿಂದ ಮಕ್ಕಳ ಸಾಲಿಗಂತ ಬಂದು ಇರೋ ಒಕ್ಕಲುತನದವರಿಗಿ ತಿಂಗಳಾ ತಿಂಗಳಾ ಕೊಡೋದು ಆಗಂಗಿಲ್ಲ. ಸೋಯಾ ಮಾರಿದ ಮ್ಯಾಲ ಒಮ್ಮೆ, ತೊಗರಿ ಮಾರಿದ ಮ್ಯಾಲ ಒಮ್ಮೆ ಕೂಡಿಸಿ ಕೊಡ್ತಾರ.

ಕಿರಾಯಿ 4,000 ಅಂತ ಇಟ್ಕೊಳ್ರಿ. ಜೂನದಿಂದ ಸೆಪ್ಟೆಂಬರ್ ತನಕ 16,000 ಆಯ್ತು. ಅಕ್ಟೋಬರದಾಗ 10,000 ಕೊಟ್ರು. ಯಾವ ತಿಂಗಳದ್ದು ಇದು? ಕೊಡೋರು ಹೇಳಿ ಕೊಟ್ರ ಆ ತಿಂಗಳಿಗೇ ಹಿಡೀಬೇಕು. ಅವರು ಹೇಳಲಿಲ್ಲಂದ್ರ ಮಾಲಕರ ಇಚ್ಛಾ. ಇಬ್ಬರೂ ಸುಮ್ಮನಿದ್ರ ಹಳೇ ಬಾಕಿ ಮೊದಲು ತೀರ್ತದ. 1872ರ ಕರಾರು ಕಾಯ್ದೆ, 59ರಿಂದ 61ನೇ ಕಲಮಿನಾಗ ಹಿಂಗೇ ಅದ. ಅಂದ್ರ ಜೂನ್, ಜುಲೈ ಪೂರಾ ಮುಟ್ಟಿತು, ಆಗಸ್ಟದ್ದು ಅರ್ಧ. ಬಾಕಿ 6,000, ಅಕ್ಟೋಬರದ್ದು ಬ್ಯಾರೆ.

ಇಷ್ಟು ಬರದಿರಲಿಲ್ಲಂದ್ರ ಮಾಲಕರು ‘ಐದು ತಿಂಗಳಿಂದ ಕೊಟ್ಟಿಲ್ಲ’ ಅಂತಾರ, ನಡುವರ್ಷದಾಗ ಮನಿ ಖಾಲಿ ಆಗ್ತದ, ಮಕ್ಕಳ ಸಾಲಿ ತಪ್ತದ.

ಫೋನ್‌ಪೇದಾಗ ಎಲ್ಲಾ ಅದಲ್ಲ ಅಂತೀರಿ. ರೊಕ್ಕ ಹೋದದ್ದು ಅದು ತೋರಸ್ತದ, ಉಳಿದದ್ದಲ್ಲ. ಲೈಟ್ ಬಿಲ್ಲು, ನೀರಿನ ರೊಕ್ಕ ಬ್ಯಾರೆ ಸಾಲಿನಾಗ ಬರೀರಿ. ಡಿಪಾಜಿಟ್ ಇದರಾಗ ಕಲಸಬ್ಯಾಡ್ರಿ. ಇನ್ನೊಂದು ವಹಿ ಕಿರಾಯಿದಾರರ ಕೈಯಾಗ ಇರಲಿ, ಪ್ರತಿ ಸಲ ಅದರಾಗ ಮಾಲಕರ ಸಹಿ ಬೀಳಲಿ.