ಅಧ್ಯಕ್ಷರು ಅಂದರೆ ಯಾರು?

ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಆಮಂತ್ರಣ ಪತ್ರಿಕೆಗಳನ್ನು ತೆರೆದು ನೋಡಿ. ಹೆಸರಿನ ಕೆಳಗೆ ಗಂಡಸಿಗೆ 'ಅಧ್ಯಕ್ಷರು', ಹೆಂಗಸಿಗೆ ಹೆಚ್ಚಾಗಿ 'ಅಧ್ಯಕ್ಷೆ'. ಒಂದು 'ರು' ಎಲ್ಲೋ ಉದುರಿಹೋಗಿರುತ್ತದೆ. ಬಂದರು, ಕೂತರು, ಸಹಿ ಹಾಕಿದರು ಎನ್ನುವಾಗ ಕನ್ನಡ ಹೆಣ್ಣು ಗಂಡು ನೋಡುವುದಿಲ್ಲ. ಹುದ್ದೆಯ ಹೆಸರಿಗೆ ಬಂದಾಗ ಮಾತ್ರ ನಮಗೆ ಈ ಲೆಕ್ಕಾಚಾರ.

ಹೆಂಗಸು ಕುರ್ಚಿಯಲ್ಲಿದ್ದಾರೆಂದು 'ಅಧ್ಯಕ್ಷೆ'ಯಿಂದಲೇ ಗೊತ್ತಾಗುತ್ತದೆ ಎನ್ನುವವರಿದ್ದಾರೆ. ಇರಬಹುದು. ಆದರೆ ಓಬಮ್ಮ, ತಿಪ್ಪಮ್ಮ ಎಂದ ಮೇಲೆ ಮತ್ತೊಂದು ಗುರುತು ಬೇಕೆ? ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ 1972ರಿಂದ 1978ರವರೆಗೆ ನಮ್ಮ ವಿಧಾನಸಭೆಯನ್ನು ನಡೆಸಿದರು. ಆ ಪೀಠಕ್ಕೆ ಸದಸ್ಯರು ಇಂದಿಗೂ ಹೇಳುವುದು 'ಮಾನ್ಯ ಸಭಾಧ್ಯಕ್ಷರೇ' ಎಂದೇ.

ಹಿಂದೆ ಗೌಡ್ತಿ ಅಂದರೆ ಗೌಡರ ಹೆಂಡತಿ. ಅಧಿಕಾರ ಗಂಡನದು, ಹೆಸರಿನಲ್ಲಿ ಮಾತ್ರ ಆಕೆಗೆ ಪಾಲು. ಅಪರೂಪಕ್ಕೆ ಅಧಿಕಾರವೂ ಸಿಕ್ಕಿದ್ದುಂಟು: ಕ್ರಿ.ಶ. 911ರಲ್ಲಿ ನಾಗರಖಂಡ ಎಪ್ಪತ್ತು ಎಂಬ ನಾಡಿನ ನಾಳ್ಗಾವುಂಡ, ಅಂದರೆ ನಾಡಗೌಡನಾಗಿದ್ದ ಗಂಡ ತೀರಿಕೊಂಡ ಮೇಲೆ ಜಕ್ಕಿಯಬ್ಬೆಗೆ ಆ ಪದವಿ ಸಿಕ್ಕಿತು. ಆಮೇಲೆ ನಾಡನ್ನು ಆಳಿದವಳು ಅವಳೇ. ಈಗ ಹೆಂಗಸರು ಸ್ವಂತ ಹೆಸರಿನಲ್ಲಿ ಗೆದ್ದು ಬರುತ್ತಾರೆ. 1987ರ ಮಂಡಲ ಪಂಚಾಯ್ತಿ ಚುನಾವಣೆಯಲ್ಲಿ ಅವರಿಗೆ ಕಾಲು ಭಾಗ ಮೀಸಲು, 1993ರ ಕಾಯ್ದೆಯಲ್ಲಿ ಮೂರರಲ್ಲೊಂದು, 2010ರ ತಿದ್ದುಪಡಿಯಲ್ಲಿ ಅರ್ಧ. ಗೌಡಿಕೆಯ ಲೆಕ್ಕ ಮಾತ್ರ ತಿರುವುಮುರುವಾಗಿದೆ: ಅಧಿಕಾರ ಹೆಂಡತಿಯದು, ಹೆಸರು ಗಂಡನಿಗೆ. ಪಂಚಾಯ್ತಿ ಆಫೀಸಿನ ಮುಂದೆ 'ಅಧ್ಯಕ್ಷರು ಬಂದ್ರು' ಅಂದರೆ ಬೈಕಿನಿಂದ ಇಳಿಯುವುದು ಎಷ್ಟೋ ಸಲ ಯಜಮಾನರು! ಆಕೆಯ ಹುದ್ದೆಯ ಹೆಸರಿನಿಂದ ಉದುರಿದ 'ರು' ಹೋಗಿ ಸೇರಿರುವುದು ಅಲ್ಲಿಗೆ. ಹಿಂದಿ ಸೀಮೆಯಲ್ಲಿ ಇವರಿಗೆ 'ಸರಪಂಚ ಪತಿ' ಎಂಬ ಹೆಸರೇ ಇದೆ. ಇಂಥ ಬದಲಿ ಆಡಳಿತಕ್ಕೆ ಕಠಿಣ ದಂಡನೆ ಇರಲಿ ಎಂದು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸಮಿತಿ 2025ರಲ್ಲಿ ಶಿಫಾರಸು ಮಾಡಿದೆ.

ದಂಡನೆ ಸರ್ಕಾರಕ್ಕೆ ಬಿಟ್ಟದ್ದು. ಪತ್ರಿಕೆಯವರಾದ ನಮ್ಮ ಕೈಲಿರುವುದು ಅಕ್ಷರ. ಈ ಸಂಚಿಕೆಯಿಂದ ಗ್ರಾಮ ಪಂಚಾಯ್ತಿಯಿರಲಿ, ಚಳ್ಳಕೆರೆ ನಗರಸಭೆಯಿರಲಿ, ಮೊಳಕಾಲ್ಮುರು ಪಟ್ಟಣ ಪಂಚಾಯ್ತಿಯಿರಲಿ, ಗೆದ್ದವರು ಯಾರೇ ಆದರೂ ಅಧ್ಯಕ್ಷರು, ಸದಸ್ಯರು, ಶಾಸಕರು ಎಂದೇ ಅಚ್ಚಾಗುತ್ತದೆ. ಪಹಣಿಯಲ್ಲಿ ಬರೆದಂತೆ ಹೆಸರಿನ ಪಕ್ಕ 'ಕೋಂ' ಹಾಕಿ ಗಂಡನ ಹೆಸರು ಸೇರಿಸಿ ಕಳಿಸಬೇಡಿ, ಹೊಡೆದುಹಾಕುತ್ತೇವೆ. ಸಭೆಯ ಫೋಟೋದಲ್ಲಿ ಯಜಮಾನರು ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದರೆ ಫೋಟೋ ಹಾಕುತ್ತೇವೆ, ಕೆಳಗೆ ಅವರು ಯಾರೆಂದು ಸರಿಯಾಗಿಯೇ ಬರೆದು.