ಪದಕಕ್ಕಿಂತ ಪಂಕ್ತಿ ಮೇಲು

ಸ್ಥಿತಿವಂತರಾದ ಗೃಹಸ್ಥರು ತಂದೆತಾಯಿಗಳ ಸ್ಮರಣಾರ್ಥವಾಗಿ ವಿಶ್ವವಿದ್ಯಾಲಯದಲ್ಲಿ ದತ್ತಿಯಿಟ್ಟು, ಅದರ ಬಡ್ಡಿಯಿಂದ ಚಿನ್ನದ ಪದಕವನ್ನು ಕೊಡಿಸುವ ಸಂಪ್ರದಾಯವು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇದು ಸತ್ಕಾರ್ಯವಲ್ಲವೆನ್ನುವ ಧಾರ್ಷ್ಟ್ಯ ನನಗಿಲ್ಲ. ಆದರೆ ದಡ ಸೇರಿದವನ ಕೊರಳಿಗೆ ಮಾಲೆ ಹಾಕುವ ನಾವು, ನಡುಹೊಳೆಯಲ್ಲಿರುವವನಿಗೆ ಕೈಗೊಡುವುದನ್ನು ಮರೆತಿರುವೆವು. ವಿಶ್ವವಿದ್ಯಾಲಯಗಳಲ್ಲಿ ಬೆರಳೆಣಿಕೆಯಷ್ಟಿರುವ ಸಮುದಾಯಗಳ ವಿದ್ಯಾರ್ಥಿಗಳು ತಾವೇ ಕಟ್ಟಿ ನಡೆಸುವ ಸಂಘಗಳಿಗೆ ಧನಸಹಾಯವಾಗಬೇಕು. ಆ ಹಣವನ್ನು ವೆಚ್ಚಮಾಡುವ ಅಧಿಕಾರವೂ ಅವರದೇ ಆಗಿರಬೇಕು. ಇದು ನನ್ನ ಪಕ್ಷ.

ಇದಕ್ಕೆ ಕಾರಣವಾದ ಒಂದು ಸಂಗತಿಯನ್ನು ಅರಿಕೆಮಾಡುವೆನು. ಯಲ್ಲಾಪುರದ ಕಡೆಯ ಸಿದ್ದಿ ಹುಡುಗನೊಬ್ಬನು ನನ್ನಲ್ಲಿ ಓದಿ, ಮುಂದೆ ಪದವೀಧರನಾಗಿ, ವಿಶ್ವವಿದ್ಯಾಲಯವೊಂದನ್ನು ಸೇರಿದನು. ಆಫ್ರಿಕಾ ಮೂಲದವರಾದ ನಮ್ಮ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಗಳಿಗೆ ಸೇರಿದುದರಿಂದ ಅವನಿಗೆ ಪ್ರವೇಶವೂ ವಿದ್ಯಾರ್ಥಿವೇತನವೂ ದೊರೆತಿದ್ದುವು. ಆರು ತಿಂಗಳು ತುಂಬುವಷ್ಟರಲ್ಲಿ ಊರಿಗೆ ಮರಳಿದನು. ‘ಪಾಠ ಕಠಿನವಾಯಿತೇ ತಮ್ಮಾ? ಊಟಕ್ಕೆ ತೊಂದರೆಯಾಯಿತೇ?’ ಎಂದು ಕೇಳಿದೆನು. ‘ಇಲ್ಲ ಮಾಸ್ತರರೇ. ನನ್ನನ್ನು ನೋಡುವವರು ಬಹಳ ಮಂದಿ ಇದ್ದರು. ಸಂಗಡ ಕೂತು ಉಣ್ಣುವವರು ಒಬ್ಬರೂ ಇರಲಿಲ್ಲ’ ಎಂದನು. ನಾನು ನಿರುತ್ತರನಾದೆನು.

ಏಕೆಂದರೆ ನಾನು ಆ ವಯಸ್ಸಿನಲ್ಲಿ ಒಂಟಿಯಾಗಿರಲಿಲ್ಲ. ನಮ್ಮ ತಂದೆಯವರು ವಾರಾನ್ನದಿಂದ ಓದಿದವರು. ಏಳು ದಿನಕ್ಕೆ ಏಳು ಮನೆ. ನಾನು ಮಠದ ಪಾಠಶಾಲೆಯಲ್ಲಿ ಉಂಡು, ಮಲಗಿ, ಶಬ್ದರೂಪಗಳನ್ನು ಉರುಹೊಡೆದವನು. ಪಂಕ್ತಿಯಲ್ಲಿ ಎಡಬಲಕ್ಕೆ ಕುಳಿತವರು ನನ್ನ ಮಾತಿನವರು, ನನ್ನ ಆಚಾರದವರು. ಜ್ವರ ಬಂದರೆ ಗಂಜಿ ಕಾಯಿಸುವವರಿದ್ದರು. ಸೂತ್ರ ಮರೆತರೆ ಹೇಳಿಕೊಡುವವರಿದ್ದರು. ಇಷ್ಟಕ್ಕೆಲ್ಲ ದಾನಿಗಳು ಹಣವಿತ್ತರು. ಯಾರೂ ಅದನ್ನು ಪಂಗಡಗಟ್ಟುವಿಕೆಯೆಂದು ಹಳಿಯಲಿಲ್ಲ, ವಿದ್ಯಾದಾನವೆಂದು ಕೊಂಡಾಡಿದರು. ಆ ಪಂಕ್ತಿಯಲ್ಲಿ ಈ ಹುಡುಗನ ಹಿರಿಯರಿಗೆ ಎಡೆಯಿರಲಿಲ್ಲವೆಂಬುದನ್ನು ಅಂದು ನಾನೂ ಯೋಚಿಸಲಿಲ್ಲ.

ಇನ್ನು ಪೂರ್ವಪಕ್ಷಗಳು. ‘ಬೇರೆ ಬೇರೆ ಸಂಘಗಳಾದರೆ ಭೇದವು ಬೆಳೆಯುವುದು, ಸರ್ವರಿಗೂ ಒಂದೇ ಸಂಘ ಸಾಲದೇ?’ ಎಂಬುದು ಮೊದಲನೆಯದು. ಕೊಲ್ಹಾಪುರದ ಶಾಹು ಮಹಾರಾಜರು ಈ ಪ್ರಯೋಗವನ್ನೂ ಮಾಡಿ ನೋಡಿದವರು. ಎಲ್ಲ ಜಾತಿಗಳಿಗೆಂದು ತೆರೆದ ವಸತಿಗೃಹದಲ್ಲಿ ಬ್ರಾಹ್ಮಣ ವಿದ್ಯಾರ್ಥಿಗಳೇ ತುಂಬಿಕೊಂಡುದನ್ನು ಕಂಡು, ಅವರು 1901ರಲ್ಲಿ ಮರಾಠಾ ವಿದ್ಯಾರ್ಥಿಗಳ ವಸತಿಗೃಹಕ್ಕೆ, ತರುವಾಯ ಜೈನ, ಲಿಂಗಾಯತ, ಮುಸಲ್ಮಾನ ಮತ್ತು ಅಸ್ಪೃಶ್ಯರೆನಿಸಿದವರ ವಸತಿಗೃಹಗಳಿಗೆ ಆಶ್ರಯವಿತ್ತರು. ಬಾಗಿಲು ತೆರೆದ ಮಾತ್ರಕ್ಕೆ ಎಲ್ಲರೂ ಒಳಗೆ ಬಂದಂತಾಗದು. ಭೇದವನ್ನು ಈ ಸಂಘಗಳು ಹುಟ್ಟಿಸುವುವೆನ್ನುವವರು ಸುಖದೇವ ಥೋರಟ್ ಸಮಿತಿಯ 2007ರ ವರದಿಯನ್ನು ನೋಡಲಿ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ದಲಿತ ಮತ್ತು ಆದಿವಾಸಿ ವಿದ್ಯಾರ್ಥಿಗಳು ನಿಂದೆ, ಕಿರುಕುಳಗಳನ್ನು ತಾಳಲಾರದೆ ವಿದ್ಯಾರ್ಥಿನಿಲಯದ ಮೇಲಂತಸ್ತುಗಳಿಗೆ ಸರಿಯಬೇಕಾಯಿತೆಂದು ಆ ವರದಿಯು ಹೇಳುತ್ತದೆ. ಗಾಯವು ಮೊದಲೇ ಇತ್ತು, ಔಷಧವನ್ನು ದೂರುವುದೇಕೆ?

‘ಇದಕ್ಕೆಲ್ಲ ಅಧಿಕಾರಿಗಳಿರುವರಷ್ಟೆ’ ಎಂಬುದು ಎರಡನೆಯದು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2012ರ ನಿಯಮಗಳಲ್ಲಿ ಸಮಾನಾವಕಾಶ ಕೋಶವನ್ನೂ ಭೇದನಿವಾರಣೆಗೊಬ್ಬ ಅಧಿಕಾರಿಯನ್ನೂ ವಿಧಿಸಿದುದು ನಿಜ. ಅಧಿಕಾರಿಯು ದೂರನ್ನು ವಿಚಾರಿಸಬಲ್ಲನು. ಆದರೆ ಹೊಸದಾಗಿ ಬಂದ ಹುಡುಗಿಯನ್ನು ಬಸ್ ನಿಲ್ದಾಣದಿಂದ ಕರೆತಂದು, ಅರ್ಜಿ ತುಂಬಿಸಿ, ರಾತ್ರಿ ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳುವವಳು ಅವಳಂತೆಯೇ ಹೋದ ವರ್ಷ ಬಂದವಳು. ಈ ಕೆಲಸವನ್ನು ಅವಳು ತನ್ನ ಓದಿನ ವೇಳೆಯನ್ನು ಕಳೆದುಕೊಂಡು, ತನ್ನ ವಿದ್ಯಾರ್ಥಿವೇತನದಿಂದಲೇ ಚಹದ ಖರ್ಚನ್ನು ಕೊಟ್ಟು ಮಾಡುವಳು. ಹೆಚ್ಚು ಅನುಕೂಲವುಳ್ಳವರು ಮಾಡಬೇಕಾದುದನ್ನು ಎಲ್ಲರಿಗಿಂತ ಬಡವಳ ಮೇಲೆ ಹೊರಿಸುವುದು ಯಾವ ನ್ಯಾಯ?

‘ಹುಡುಗರ ಕೈಗೆ ಹಣ ಕೊಟ್ಟರೆ ಪೋಲಾಗುವುದು’ ಎಂಬುದು ಮೂರನೆಯದು. ಹಿರಿಯರ ಸಂಘಗಳ ಲೆಕ್ಕವೆಲ್ಲ ಗಂಗಾಜಲದಷ್ಟು ನಿರ್ಮಲವೇ ಎಂದು ನಾನು ಕೇಳಬಾರದು. ಕೊಟ್ಟ ಹಣಕ್ಕೆ ರಸೀದಿಯಿರಲಿ, ವರ್ಷಾಂತ್ಯಕ್ಕೆ ತನಿಖೆಯಾಗಲಿ. ಯಾರನ್ನು ಕರೆಯಬೇಕು, ಏನನ್ನು ಚರ್ಚಿಸಬೇಕೆಂಬುದನ್ನು ಅವರೇ ನಿರ್ಣಯಿಸಲಿ. ಇದು ಅಂಧಪಂಗುನ್ಯಾಯವು: ಹಣವುಳ್ಳ ನಮಗೆ ದಾರಿ ಕಾಣದು, ದಾರಿ ಬಲ್ಲ ಅವರಿಗೆ ನಡೆಯಲು ಹಣವಿಲ್ಲ.

ನನ್ನ ಮಾತೃಶ್ರೀಯವರ ಹೆಸರಿನಲ್ಲಿ ಪದಕಕ್ಕೆಂದು ಕೂಡಿಟ್ಟಿದ್ದ ಅಲ್ಪ ಹಣವನ್ನು ಇಂತಹ ಸಂಘಕ್ಕೆ ಕೊಡುವೆನೆಂದು ಒಂದು ವಿಶ್ವವಿದ್ಯಾಲಯಕ್ಕೆ ಬರೆದೆನು. ಪದಕದ ದತ್ತಿಗೆ ನಮೂನೆಯುಂಟು, ಇದಕ್ಕೆ ಇಲ್ಲವೆಂದು ಉತ್ತರ ಬಂದಿತು. ನಾನು ಮತ್ತೊಮ್ಮೆ ಬರೆದಿರುವೆನು. ಈ ಜಿಲ್ಲೆಯಿಂದ ಇನ್ನೂ ಹತ್ತು ಮಂದಿ ಗೃಹಸ್ಥರು ಹೀಗೆಯೇ ಬರೆದರೆ ನಮೂನೆಯು ತಾನಾಗಿ ಸಿದ್ಧವಾಗುವುದು.