ಕಾರಿಗೂ ಒಂದು ಸಾಣಿಗೆ

ಸುಗ್ಗಿಯಲ್ಲಿ ನಮ್ಮ ಯರಗೇರಾ ಕಡೆ ಬಂದವರಿಗೆ ಧೂಳಿನ ಪರಿಚಯ ಬೇರೆ ಬೇಕಿಲ್ಲ. ಹತ್ತಿ, ಭತ್ತ ಹೇರಿದ ಟ್ರ್ಯಾಕ್ಟರು ಹೋದರೆ ಹಿಂದಿನವರಿಗೆ ದಾರಿಯೇ ಕಾಣದು. ಆ ಗಾಳಿಯನ್ನೇ ನಮ್ಮ ಸಣ್ಣ ಕಾರೂ ಎಳೆದುಕೊಳ್ಳಬೇಕು. ಒಂದು ಲೀಟರ್ ಪೆಟ್ರೋಲು ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು!

ಅದನ್ನು ಸೋಸುವುದು ಬಾನೆಟ್ಟಿನ ಕೆಳಗೆ ಡಬ್ಬಿಯಲ್ಲಿರುವ ಏರ್ ಫಿಲ್ಟರ್. ಸೀರೆಯ ನಿರಿಗೆಯಂತೆ ಮಡಿಸಿದ ಕಾಗದ, ಅಷ್ಟೇ. ಅದು ಕಟ್ಟಿಕೊಂಡರೆ ಹಳೆಯ ಕಾರ್ಬೊರೇಟರಿನ ಮಾರುತಿ 800 ಪೆಟ್ರೋಲು ಜಾಸ್ತಿ ಕುಡಿಯುತ್ತಿತ್ತು. ಈಗಿನ ಗಾಡಿಗಳಲ್ಲಿ ಎಳೆತ ಕಮ್ಮಿಯಾಗುತ್ತದೆ. ಕಾಗದ ಹರಿದರಂತೂ ಕೇಳಬೇಡಿ. ನುಣ್ಣನೆಯ ಮಣ್ಣು ಒಳಗೆ ಹೋಗಿ ಪಿಸ್ಟನ್ ರಿಂಗು ಸವೆಸಿತೆಂದರೆ, ಮಗಳ ಫೀಜಿಗೆಂದು ಕೂಡಿಟ್ಟ ದುಡ್ಡೂ ಗ್ಯಾರೇಜಿನ ಪಾಲು.

ಗಂಡಸರ ಕೆಲಸ ಅಂತ ಬಿಡಬೇಡಿ. ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಡಬ್ಬಿ ಬಿಚ್ಚಿ. ಫಿಲ್ಟರ್ ಯಾವ ಮುಖ ಮೇಲಿತ್ತೆಂದು ನೋಡಿಕೊಳ್ಳಿ. ಧೂಳಿನ ಮುಖ ಕೆಳಗೆ ಮಾಡಿ ಮೆಲ್ಲಗೆ ತಟ್ಟಿ. ಕಾಗದಕ್ಕೆ ನೀರು, ಸೀಮೆಎಣ್ಣೆ ತಾಗಿಸಲೇಬಾರದು. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸುವುದಾದರೆ ಶುಭ್ರವಾದ ಬದಿಯಿಂದ, ದೂರ ಹಿಡಿದು, ಮೆಲ್ಲಗೆ. ಆಮೇಲೆ ಬಿಸಿಲಿಗೆ ಹಿಡಿಯಿರಿ. ಬೆಳಕು ತೂರದಿದ್ದರೂ, ಎಲ್ಲಾದರೂ ತೂತು ಕಂಡರೂ ಹೊಸದೇ ಹಾಕಿ. ಡಬ್ಬಿಯೊಳಗಿನ ಮಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ.

ಕಾರಿನ ಪುಸ್ತಕದಲ್ಲಿ ಧೂಳಿನ ರಸ್ತೆಗೆ ಬೇರೆಯೇ ಲೆಕ್ಕ ಇರುತ್ತದೆ. ನಮಗೆ ಬೇಕಾದದ್ದು ಅದು. ಎ.ಸಿ. ಗಾಳಿಗೆ ಇನ್ನೊಂದು ಫಿಲ್ಟರ್ ಇದ್ದರೆ, ಬಹಳ ಕಾರುಗಳಲ್ಲಿ ಅದು ಎಡಗಡೆ ಮುಂದಿನ ಸೀಟಿನೆದುರಿನ ಖಾನೆಯ ಹಿಂದಿರುತ್ತದೆ. ಕೂಸಿಗೆ ಕಾರು ಹತ್ತಿದೊಡನೆ ಸೀನು ಬಂದರೆ ಮೊದಲು ಅದನ್ನು ತೆಗೆದು ನೋಡಿ.